ಸೇತುವೆಯ ಮೇಲಿನ ಹೆಬ್ಬೆರಳು

“ಅಜ್ಜಾರ, ಮಾವನ ಮನಿ ಬಿಟ್ಟು ಬಂದು ವರ್ಷ ಆತು. ನನ್ನ ನಾಲಿಗಿ ಮಾತ್ರ ಇನ್ನೂ ಅಲ್ಲೇ ಐತಿ. ಯಾಕ್ರೀ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮುರಿಗೆಪ್ಪ. ಕೇಳುವಾಗ ಅವನ ಬಟ್ಟೆಯ ಗಂಟು ಕಂಕುಳಲ್ಲಿತ್ತು. ಚಿಕ್ಕಂದಿನಿಂದ ಅವನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಆ ಮನೆಯಲ್ಲಿ ಏನು ಕಳೆದರೂ ಮೊದಲು ಅವನ ಜೇಬು ತಡಕುತ್ತಿದ್ದರು. ಅಂದು ಬೆಳಿಗ್ಗೆ ಮಠದ ಅಡುಗೆಯ ನೀಲವ್ವ, ಬೆಲ್ಲ ಎಲ್ಲಿಟ್ಟೆ ಎಂದು ಅವನನ್ನು ಕೇಳಿದ್ದಳು. ನನ್ನನ್ನು ಕಳ್ಳ ಅನ್ನುತ್ತೀಯಾ ಎಂದು ಅವನು ಆಕೆಯ ಮೇಲೆ ಹರಿಹಾಯ್ದಿದ್ದ. ಆ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಕಂಡು, ಈ ಮಠದಲ್ಲಿ ಇರಲು ತನಗೆ ಯೋಗ್ಯತೆ ಇಲ್ಲವೆಂದು ಹೊರಟು ನಿಂತಿದ್ದ. ಹೋಗಲು ಅವನಿಗೆ ಬೇರೆ ಜಾಗವೂ ಇರಲಿಲ್ಲ.

ಗುರುಗಳು ಗಂಟಿನ ಕಡೆ ನೋಡಿದರು. “ಹೋಗೂದಾದ್ರ ಹೋಗು. ಬಸ್ಸಿಗೆ ಇನ್ನೂ ಹೊತ್ತೈತಿ, ಒಂದು ಕತಿ ಕೇಳಿ ಹೋಗು” ಎಂದು ಕೂರಿಸಿಕೊಂಡರು. ಮಠದ ವಿದ್ಯಾರ್ಥಿನಿಲಯದವರು ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನೆಲ್ಲ ಹಿಂದೆ ನಿಂತು ನೋಡುವವರು ಈ ಗುರುಗಳು. ಹಾಗಾಗಿ ಅವರ ಕತೆಗಳಲ್ಲಿ ಸಿಂಹ, ನರಿ ಬರುವುದು ಕಡಿಮೆ. ಅವರು ಹೇಳಿದ ಕತೆ ಇದು.

ಒಬ್ಬಳು ದರ್ಜಿ ಇದ್ದಳು. ಹಗಲು ಬಟ್ಟೆ ಹೊಲಿಯುತ್ತಿದ್ದಳು. ಸಂಜೆ ಅಂಗಡಿ ಮುಚ್ಚಿ ಆನ್‌ಲೈನ್ ಆಟಕ್ಕೆ ಕೂರುತ್ತಿದ್ದಳು. ಆಟದಲ್ಲಿ ಅವಳದೊಂದು ತಂಡ. ತಂಡದವರು ಒಬ್ಬೊಬ್ಬರು ಒಂದೊಂದು ಊರಿನವರು. ಮುಖ ಕಂಡವರಲ್ಲ, ಹೆಡ್‌ಫೋನಿನಲ್ಲಿ ದನಿ ಮಾತ್ರ ಬಲ್ಲವರು. ಆಟದ ಕೊನೆಯಲ್ಲಿ ಒಂದು ಕಣಿವೆ, ಅದರ ಮೇಲೆ ಹಲಗೆಯಷ್ಟೇ ಅಗಲದ ಒಂದು ಸೇತುವೆ. ಉರಿಯುವ ದೀಪ ಹೊತ್ತು ಅದನ್ನು ದಾಟಿದ ತಂಡಕ್ಕೆ ಗೆಲುವು. ದೀಪ ಹೊರುವ ಕೆಲಸ ದರ್ಜಿಯದು. ಅವಳು ಒಮ್ಮೆಯೂ ಬಿದ್ದವಳಲ್ಲ. ಊರಿನವರಿಗೆ ಅವಳು ಬರೀ ಹೊಲಿಗೆಯವಳು, ತಂಡದವರಿಗೆ ದೀಪದಕ್ಕ. ಒಂಟಿಯಾಗಿ ಬದುಕುತ್ತಿದ್ದ ಅವಳಿಗೆ ಆ ಹೆಸರೆಂದರೆ ಜೀವ.

ಅವಳ ಕೈಯಲ್ಲಿದ್ದದ್ದು ಹಳೆಯ ಗೇಮ್‌ಪ್ಯಾಡ್. ಪ್ಯಾಡಿನ ಸ್ಟಿಕ್ಕನ್ನು ಹೆಬ್ಬೆರಳಿನಿಂದ ಎತ್ತ ಒತ್ತಿದರೆ ಪರದೆಯ ಮೇಲಿನ ಗೊಂಬೆ ಅತ್ತ ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅವಳ ಸ್ಟಿಕ್ ಸವೆದುಹೋಗಿತ್ತು. ಬಿಟ್ಟರೂ ಗೊಂಬೆ ಎಡಕ್ಕೆ ಸರಿಯುತ್ತಿತ್ತು. ಅದಕ್ಕೆ ಅವಳ ಹೆಬ್ಬೆರಳು ಸದಾ ಸ್ವಲ್ಪ ಬಲಕ್ಕೆ ಒತ್ತಿಕೊಂಡೇ ಇರುತ್ತಿತ್ತು. ಮೊದಮೊದಲು ಬೇಕೆಂದೇ ಒತ್ತುತ್ತಿದ್ದಳು. ಬರಬರುತ್ತ, ಒತ್ತುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ಒಂದು ದಿನ ಆ ಪ್ಯಾಡ್ ಕಣ್ಣು ಮುಚ್ಚಿತು. ತಂಡದವರು ಕೂಡಿ ಅವಳಿಗೆ ಹೊಸದೊಂದನ್ನು ಕಳಿಸಿದರು. ಅವಳ ಸಂತೋಷ ಹೇಳತೀರದು. ಅಂದು ಸಂಜೆಯೇ ದೀಪ ಹೊತ್ತು ಸೇತುವೆ ಹತ್ತಿದಳು. ಬಲಕ್ಕೆ ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಲಕ್ಕೇ ಬಿದ್ದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳು ಚೆನ್ನಾಗಿ ಕುಣಿಯಬಲ್ಲವಳು, ಆದರೂ ನೆಲವನ್ನೇ ಬೈದಳು. “ಹೊಸ ಪ್ಯಾಡ್ ಬಲಕ್ಕ ಎಳೀತೈತಿ. ಕೆಟ್ಟದ್ದು ಕಳಿಸೀರಿ” ಎಂದು ತಂಡದವರ ಮೇಲೆ ಎಗರಿದಳು. ಉಡುಗೊರೆ ಕೊಟ್ಟವರ ದನಿ ಸಣ್ಣದಾಯಿತು. ದೊಡ್ಡ ಪಂದ್ಯ ಹತ್ತಿರ ಬಂದಿತ್ತು. ಈ ಸಲ ದೀಪವನ್ನು ಬೇರೆಯವರು ಹೊರಲಿ ಎಂಬ ಮಾತು ಎದ್ದಿತು. ದೀಪ ಹೋದರೆ ದೀಪದಕ್ಕ ಎಲ್ಲಿ ಉಳಿದಳು?

ತಂಡದಲ್ಲಿ ಒಬ್ಬ ಲಾರಿ ಚಾಲಕನಿದ್ದ. ಅವನು ಜಗಳಕ್ಕೆ ಬರಲಿಲ್ಲ. “ಅಕ್ಕಾ, ಸೇತುವಿ ಹತ್ತಿದ ಕೂಡ್ಲೆ ಪ್ಯಾಡ್ ಕೆಳಗಿಟ್ಟು ಕೈ ತಗಿ. ಅದು ಎಳೀತೈತೋ ಇಲ್ಲೋ ನೋಡೂಣು” ಎಂದ.

ಅವಳು ಪ್ಯಾಡನ್ನು ಚಾಪೆಯ ಮೇಲಿಟ್ಟು ಕೈ ತೆಗೆದಳು. ಗೊಂಬೆ ದೀಪ ಹಿಡಿದು ನೆಟ್ಟಗೆ ನಿಂತಿತ್ತು. ಎಡಕ್ಕೂ ಸರಿಯಲಿಲ್ಲ, ಬಲಕ್ಕೂ ಸರಿಯಲಿಲ್ಲ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿದಳು. ಏನನ್ನೂ ಮುಟ್ಟದಿದ್ದರೂ ಅದು ಬಲಕ್ಕೆ ಬಾಗಿಕೊಂಡಿತ್ತು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಪ್ಪಾಯಿತು ಎಂದು ತಂಡದವರಿಗೆ ಹೇಳಿದಳು.

ತಿಳಿದ ಮಾತ್ರಕ್ಕೆ ಬೆರಳು ನೆಟ್ಟಗಾಗಲಿಲ್ಲ. ಮರುದಿನವೂ ಬಿದ್ದಳು. ಆದರೆ ಈಗ ಪ್ಯಾಡನ್ನು ಬೈಯಲಿಲ್ಲ, ಬೆರಳನ್ನೂ ಬೈಯಲಿಲ್ಲ. ಕೆಟ್ಟ ಸ್ಟಿಕ್ಕಿನಲ್ಲಿ ಇಷ್ಟು ಕಾಲ ತನ್ನನ್ನು ಬೀಳದಂತೆ ದಾಟಿಸಿದ್ದು ಆ ಬೆರಳೇ ಅಲ್ಲವೇ? ಬಲಕ್ಕೆ ವಾಲಿತು ಅನ್ನಿಸಿದ ಕೂಡಲೇ ಬೆರಳನ್ನು ಎತ್ತುವಳು. ಗೊಂಬೆ ನಿಲ್ಲುವುದು. ನಿಂತದ್ದನ್ನು ಕಣ್ಣಾರೆ ಕಂಡು, ಮತ್ತೆ ನೇರ ಮುಂದಕ್ಕೆ ಒತ್ತುವಳು. ದಿನವೂ ಅವಳಿಗೆ ಅದೇ ಕೆಲಸವಾಯಿತು.

ದೊಡ್ಡ ಪಂದ್ಯದ ದಿನ ದೀಪವನ್ನು ನಾನೇ ಹೊರುತ್ತೇನೆ ಎಂದಳು. ಅವಳ ದನಿ ಕೇಳಿ ಯಾರೂ ಬೇಡ ಅನ್ನಲಿಲ್ಲ. ನಡುಸೇತುವೆಯಲ್ಲಿ, ಎದುರಾಳಿಗಳು ಬೆನ್ನ ಹಿಂದೆಯೇ ಓಡಿಬರುತ್ತಿರುವಾಗ, ಬೆರಳು ಬಲಕ್ಕೆ ಜಾರಿತು. ಅವಳು ಬೆರಳನ್ನು ಎತ್ತಿಬಿಟ್ಟಳು.

ಗುರುಗಳು ಇಲ್ಲಿ ಕತೆ ನಿಲ್ಲಿಸಿ ತಂಬಿಗೆಯಿಂದ ನೀರು ಕುಡಿದರು. ಅವರಿಗೆ ಅವಸರವಿರಲಿಲ್ಲ.

“ಹಿಂದ ಮಂದಿ ಬೆನ್ನತ್ತಿದಾಗ ನಿಂತ್ರ ಹೆಂಗ್ರಿ? ಹಿಡೀಲಿಲ್ಲೇನ್ರಿ?” ಎಂದ ಮುರಿಗೆಪ್ಪ. ಕಂಕುಳಿನ ಗಂಟು ಯಾವಾಗ ನೆಲಕ್ಕೆ ಇಳಿಯಿತೋ ಅವನಿಗೇ ತಿಳಿಯದು.

“ಒಂದು ಉಸಿರು ನಿಂತ್ಲು ಅಷ್ಟ. ಅವರು ಮುಟ್ಟೂದ್ರಾಗ ಅಕಿ ದೀಪ ತಗೊಂಡು ಆ ಕಡಿ ದಾಟಿದ್ಲು.”

ಮುರಿಗೆಪ್ಪ ತಲೆ ತಗ್ಗಿಸಿದ. “ಅಕಿ ಕೈಯಾಗ ಪ್ಯಾಡ್ ಇತ್ತು, ಕೆಳಗಿಟ್ಟು ನೋಡಿದ್ಲು. ನಾ ಏನು ಕೆಳಗಿಟ್ಟು ನೋಡ್ಲಿ, ಅಜ್ಜಾರ?”

ಗುರುಗಳು ಅಡುಗೆಮನೆಯ ಕಡೆ ಕೈ ತೋರಿಸಿದರು.

“ನೀಲವ್ವ ಕೇಳಿದ್ದು ಬೆಲ್ಲ ಅಷ್ಟ, ತಮ್ಮಾ.”