ಹೊದಿಕೆಯ ಒಳಮಗ್ಗುಲು

ಹೊಳೆಯ ದಂಡೆಯಲ್ಲಿ ಒಂದು ಹೆಂಚಿನ ಚಾವಡಿ. ಅಲ್ಲಿ ಕಾಳಾಚಾರರು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು.

ಪ್ರಾಯದಲ್ಲಿ ಅವರು ಸಿನಿಮಾ ಪೋಸ್ಟರ್ ಬರೆದವರು. ಆ ಕಾಲ ಮುಗಿದ ಮೇಲೆ ಬೇರೊಂದು ಕೆಲಸ ಅವರನ್ನು ಹುಡುಕಿಕೊಂಡು ಬಂತು. ಹಳೆಯ ಸಿನಿಮಾಗಳನ್ನು ಹಸನು ಮಾಡಿ, ಡಿಸ್ಕಿಗೆ ಹಾಕಿ, ಚೆಂದದ ಪೆಟ್ಟಿಗೆಯಲ್ಲಿಟ್ಟು ಮಾರುವ ಒಂದು ಕಂಪನಿ. ಒಂದೊಂದು ಸಿನಿಮಾಕ್ಕೂ ಸಾವಿರವೇ ಪೆಟ್ಟಿಗೆ, ಅದರ ಮೇಲೆ ಒಂದೂ ಇಲ್ಲ. ಅವನ್ನು ಕೂಡಿಡುವ ಹುಚ್ಚಿನವರು ಊರೂರಲ್ಲೂ ಇದ್ದರು. ಆ ಪೆಟ್ಟಿಗೆಗಳ ಹೊದಿಕೆಯ ಚಿತ್ರ ಈ ಚಾವಡಿಯಿಂದ ಹೋಗುತ್ತಿತ್ತು.

ಚಾವಡಿಗೆ ಕಟ್ಟಳೆ ಒಂದೇ. ಬರೆಯುವವರು ಮೊದಲು ಸಿನಿಮಾವನ್ನು ಮೂರು ಸಲ ನೋಡಬೇಕು. ಒಮ್ಮೆ ಎಲ್ಲರಂತೆ. ಒಮ್ಮೆ ಸದ್ದು ಅಡಗಿಸಿ. ಒಮ್ಮೆ ಕಣ್ಣು ಮುಚ್ಚಿ, ಬರೀ ಕಿವಿಯಲ್ಲಿ. ಆಮೇಲೆ ಕುಂಚ ಮುಟ್ಟಬೇಕು.

ದಾಕ್ಷಾಯಿಣಿ ಅಲ್ಲಿ ಎಂಟು ವರ್ಷ ಕಲಿತವಳು. ಬಣ್ಣ ಅರೆದಳು, ಅಕ್ಷರ ತಿದ್ದಿದಳು, ಗುರುಗಳ ಚಿತ್ರಗಳಿಗೆ ಆಕಾಶ ತುಂಬಿದಳು. ಒಂಬತ್ತನೆಯ ವರ್ಷ ಒಂದು ಪೆಟ್ಟಿಗೆ ಅವಳ ಪಾಲಿಗೆ ಬಂತು. ಹೊದಿಕೆಯ ಮೂಲೆಯಲ್ಲಿ ಅವಳದೇ ಹೆಸರು.

ಅದೊಂದು ಕಪ್ಪುಬಿಳುಪು ಸಿನಿಮಾ. ಅಂಬಿಗನೊಬ್ಬ ನೆರೆಯಲ್ಲಿ ಕೊಚ್ಚಿಹೋಗುತ್ತಾನೆ. ಅವನ ದೋಣಿಯನ್ನು ಅವನ ಹೆಂಡತಿ ನಡೆಸತೊಡಗುತ್ತಾಳೆ. ಕಥೆ ಅಷ್ಟೇ.

ದಾಕ್ಷಾಯಿಣಿ ಮೂರು ಸಲ ನೋಡಿದಳು. ಅವಳು ನೋಡಲು ಕೂತಾಗಲೆಲ್ಲ ಗುರುಗಳು ಎದ್ದು ಹೊಳೆಯ ಕಡೆ ಹೋಗಿಬಿಡುತ್ತಿದ್ದರು. ಪೂರ್ತಿ ನನಗೇ ಬಿಟ್ಟುಕೊಟ್ಟಿದ್ದಾರೆ ಎಂದು ಅವಳು ಒಳಗೊಳಗೇ ಬೀಗಿದಳು.

ಹೀಗಿರುವಾಗ ಕಂಪನಿಯ ಸುಧೀಂದ್ರನ ಫೋನು ಬಂತು.

"ಏನಮ್ಮಾ ದಾಕ್ಷಾಯಿಣಿ, ದೋಣಿ ದಡ ಸೇರ್ತಾ?"

"ಇನ್ನೆರಡು ವಾರ ಸರ್."

"ಕೇಳು. ಈ ಸಲದ ಹೊದಿಕೆಗೆ ಎರಡೂ ಮಗ್ಗುಲು ಅಚ್ಚು. ಹೊರಗಡೆ ನಿನ್ನ ಚಿತ್ರ. ಒಳಮಗ್ಗುಲಿಗೆ ಇದೇ ಸಿನಿಮಾದ ಹಳೇ ಪೋಸ್ಟರ್. ಬೇಕಾದವರು ಹೊದಿಕೆ ಎಳೆದು ತಿರುಗಿಸಿ ಹಾಕ್ಕೋಬಹುದು. ಆ ಪೋಸ್ಟರ್ ಬರೆದೋರು ಯಾರು ಗೊತ್ತಲ್ಲ?"

ಅವಳಿಗೆ ಗೊತ್ತಿರಲಿಲ್ಲ.

"ನಿಮ್ಮ ಗುರುಗಳೇ ಕಣಮ್ಮ! ನಲವತ್ತಾರು ವರ್ಷದ ಹಿಂದೆ. ಒಂದು ಪ್ರತಿ ಅಟ್ಟದ ಮೇಲಿದೆ ಅಂತ ಹಿಂದೊಮ್ಮೆ ಬಾಯಿಬಿಟ್ಟಿದ್ರು. ಆ ಮಹಾನುಭಾವರು ಫೋನು ಮುಟ್ಟಲ್ಲ, ನೀನೇ ಹುಡುಕಿ ಕಳಿಸು. ನಮ್ಮ ಗಿರಾಕಿಗಳಿಗೆ ಹಳೇದು ಅಂದ್ರೆ ಪ್ರಾಣ. ಪೆಟ್ಟಿಗೆ ಕೈಗೆ ಬಂದ ದಿನಾನೇ ತಿರುಗಿಸಿಬಿಡ್ತಾರೆ."

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಗುರುಗಳು ಸ್ನಾನಕ್ಕೆ ಹೋದಾಗ ಅವಳು ಅಟ್ಟ ಹತ್ತಿದಳು. ಮೂಟೆಗಳ ಹಿಂದೆ ಒಂದು ತಗಡಿನ ಕೊಳವೆ ಇತ್ತು. ಒಳಗಿನ ಹಾಳೆಯನ್ನು ಬಿಡಿಸಿ ನೋಡಿದಳು.

ಮುಕ್ಕಾಲು ಹಾಳೆ ನೀರು. ಆ ನೀರನ್ನು ಕುಂಚದ ಮೂರೇ ಎಳೆತದಲ್ಲಿ ಬರೆದು ಬಿಟ್ಟಿದ್ದರು. ಅಂಚಿನಲ್ಲಿ ಹುಟ್ಟು ಹಿಡಿದ ಹೆಂಗಸು, ಬಾಯಿ ತುಂಬ ನಗು. ದಾರಿಯಲ್ಲಿ ಹೋಗುವವರನ್ನು ಕೈಹಿಡಿದು ನಿಲ್ಲಿಸುವಂಥ ಚಿತ್ರ.

ಇದರ ಬೆನ್ನಿಗೆ ನನ್ನದು! ಸಾವಿರ ಜನ ಕೊಳ್ಳುತ್ತಾರೆ. ಸಾವಿರ ಜನ ತಿರುಗಿಸುತ್ತಾರೆ. ನನ್ನ ಹೆಸರು ಸಾವಿರ ಮನೆಯ ಕಪಾಟಿನಲ್ಲಿ ಕತ್ತಲೆಗೆ ಮುಖ ಮಾಡಿ ಕೂರುತ್ತದೆ.

ಸಂಜೆ ಗುರುಗಳು ಜಗಲಿಯಲ್ಲಿ ಅವರೆಕಾಳು ಸುಲಿಯುತ್ತಿದ್ದರು. ಅವಳು ಹತ್ತಿರ ಕೂತಳು.

"ಗುರುಗಳೇ, ಎರಡು ಚಿತ್ರ ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ, ಜನ ಯಾವುದನ್ನು ನೋಡ್ತಾರೆ?"

"ಬೆನ್ನಿಗೆ ಬೆನ್ನು ಕೊಟ್ಟವು ಒಂದನ್ನೊಂದು ನೋಡಲ್ಲ. ಅವಕ್ಕಿಲ್ಲದ ಚಿಂತೆ ನಿನಗ್ಯಾಕೆ?"

ಆ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅವಳು ತನ್ನ ಚಿತ್ರಕ್ಕೆ ಕೆಂಪು ಆಕಾಶ ಹಾಕಿದಳು. ಸಾಲದೆನಿಸಿತು. ಸುತ್ತ ಚಿನ್ನದ ಬಣ್ಣದ ಅಂಚು ಎಳೆದಳು. ಅಕ್ಷರಗಳನ್ನು ಎರಡರಷ್ಟು ದೊಡ್ಡದು ಮಾಡಿದಳು. ಆಮೇಲೂ ಕಣ್ಣು ಅಟ್ಟದ ಕಡೆಗೇ ಹೋಗುತ್ತಿತ್ತು. ದೋಣಿಯ ಗೆರೆ ಎರಡು ಸಲ ಸೊಟ್ಟಗಾಯಿತು.

ನಾಲ್ಕನೆಯ ದಿನ ಸುಧೀಂದ್ರ ಮತ್ತೆ ಕೇಳಿದ. "ಪೋಸ್ಟರ್ ಸಿಕ್ತಾ?"

"ಸರ್, ಅದು..." ಅವಳು ಅಟ್ಟದ ಕಡೆ ನೋಡಿದಳು. "ಅದನ್ನ ಗೆದ್ದಲು ತಿಂದಿದೆ."

"ಅಯ್ಯೋ! ಪೂರ್ತಿನಾ?"

"ಪೂರ್ತಿ."

"ಛೇ ಛೇ. ಇನ್ನೆಲ್ಲೂ ಪ್ರತಿ ಇಲ್ಲಮ್ಮ. ಸರಿ, ಒಳಮಗ್ಗುಲು ಬಿಳಿ ಬಿಡೋಣ."

ಫೋನಿಟ್ಟ ಮೇಲೆ ಅವಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಕೊಳವೆಯನ್ನು ಮೂಟೆಗಳ ಹಿಂದೆ ಇನ್ನಷ್ಟು ಒಳಕ್ಕೆ ತಳ್ಳಿ ಬಂದಳು. ಗುರುಗಳು ಮೇಲೆ ನೋಡಿದರೆ ಏನಾದರೂ ಕೇಳಿ ಅವರ ಕಣ್ಣು ಕೆಳಗಿಳಿಸುತ್ತಿದ್ದಳು. ಫೋನು ಗುಣುಗುಟ್ಟಿದರೆ ಕುಂಚ ಕೈಜಾರುತ್ತಿತ್ತು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು.

"ಯಾಕಮ್ಮ, ಸಾರಿಗೆ ಉಪ್ಪು ಹೆಚ್ಚಾಯ್ತಾ?" ಎಂದರು ಗುರುಗಳು. ಅಂದಿನ ಸಾರು ಮಾಡಿದವಳು ಅವಳೇ.

ಎರಡು ದಿನ ಬಿಟ್ಟು ಸುಧೀಂದ್ರನೇ ಬಂದಿಳಿದ. ಬೇರೆ ಕೆಲಸಕ್ಕೆ ಈ ಕಡೆ ಬಂದವನು, ಮಾತಾಡಿಸಿ ಹೋಗೋಣವೆಂದು ಬಂದಿದ್ದ. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ನಿಟ್ಟುಸಿರು ಬಿಟ್ಟ.

"ಆಚಾರ್ರೇ, ಗೆದ್ದಲಿನ ವಿಷಯ ಕೇಳಿ ಹೊಟ್ಟೆ ಉರೀತು."

"ಯಾವ ಗೆದ್ದಲು?"

"ಅದೇ, ಅಂಬಿಗನ ಹೆಂಡತಿ ಪೋಸ್ಟರಿಗೆ ಹತ್ತಿದ್ದು. ದಾಕ್ಷಾಯಿಣಿ ಹೇಳಿದಳು."

ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಗುರುಗಳು ತಿರುಗಿ ಅವಳನ್ನು ನೋಡಿದರು. ಆಮೇಲೆ ಲೋಟ ಎತ್ತಿ ನಿಧಾನವಾಗಿ ಒಂದು ಗುಟುಕು ಕುಡಿದರು.

"ಗೆದ್ದಲಿಗೂ ಹೊಟ್ಟೆ ಅಂತ ಒಂದಿದೆಯಲ್ಲಪ್ಪ," ಎಂದರು. "ಕಾಫಿ ಆರುತ್ತೆ, ಕುಡಿ."

ಅಷ್ಟೇ. ಸುಧೀಂದ್ರ ಹೋದ. ಗುರುಗಳು ಕೇಳಲಿಲ್ಲ. ಮಾರನೆಯ ದಿನವೂ ಕೇಳಲಿಲ್ಲ. ಎಂದಿನಂತೆ ಬಣ್ಣ ತೋರಿಸಿದರು, ಎಂದಿನಂತೆ ಹಾಡು ಗುನುಗಿದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆ ಗುನುಗು ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅವಳು ಕೊಳವೆ ತಂದು ಗುರುಗಳ ಮುಂದಿಟ್ಟು ಮಂಡಿಯೂರಿದಳು.

"ಬೈಯಿರಿ."

"ಏನಂತ?"

"ಸುಳ್ಳು ಹೇಳಿದೆ. ಜನ ನನ್ನದನ್ನ ಒಳಕ್ಕೆ ತಿರುಗಿಸ್ತಾರೆ ಅಂತ ಹೆದರಿದೆ. ನಿಮ್ಮದೇ ಇಲ್ಲದ ಹಾಗೆ ಮಾಡಿದೆ."

"ಎಲ್ಲಾ ನೀನೇ ಹೇಳಿಬಿಟ್ಟೆ. ನಾನು ಬೈದು ಹೊಸದೇನು ಹೇಳಲಿ? ಬಿಚ್ಚು ಅದನ್ನ."

ಅವಳು ಹಾಳೆ ಹರಡಿ ನಾಲ್ಕು ಮೂಲೆಗೂ ಹೊಳೆಗಲ್ಲು ಇಟ್ಟಳು.

"ತಪ್ಪು ಹುಡುಕು," ಎಂದರು ಗುರುಗಳು.

"ನಿಮ್ಮ ಚಿತ್ರದಲ್ಲಾ?"

"ಸಿನಿಮಾ ಮೂರು ಸಲ ನೋಡಿದೋಳು ನೀನು. ಹುಡುಕು."

ಅವಳು ನೋಡಿದಳು. ಮೊದಲು ಆ ಮೂರು ಎಳೆತದ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಇವಳು ನಗ್ತಿದ್ದಾಳೆ."

"ಹೂಂ."

"ಸಿನಿಮಾದಲ್ಲಿ ಒಂದು ಸಲವೂ ನಗೋದಿಲ್ಲ."

"ಆಗ ನಮಗೆ ಸಿನಿಮಾ ಯಾರು ತೋರಿಸ್ತಿದ್ರು?" ಎಂದರು ಗುರುಗಳು. "ನಾಲ್ಕು ಫೋಟೋ ಕೊಟ್ಟು, ಎರಡು ದಿನದಲ್ಲಿ ಬೇಕು ಅಂದ್ರು. ಶೂಟಿಂಗ್ ನಿಂತಾಗ ಯಾರೋ ಏನೋ ತಮಾಷೆ ಮಾಡಿರಬೇಕು, ಆಕೆ ನಕ್ಕಿದ್ದಾಳೆ. ನಾನು ಅದನ್ನೇ ನೋಡಿ ಬರೆದೆ. ಮೊದಲನೇ ದಿನ ಟಾಕೀಸಿಗೆ ಹೋದೆ. ಗಂಡನ್ನ ಕಳ್ಕೊಂಡ ಹೆಂಗಸು ಅಂತ ಆಗ ಗೊತ್ತಾಯ್ತು. ಕತ್ತಲೇಲಿ ತಲೆ ಬಗ್ಗಿಸಿ ಕೂತಿದ್ದು, ಅರ್ಧಕ್ಕೇ ಎದ್ದು ಬಂದೆ. ಹೊರಗೆ ಗೋಡೆ ತುಂಬ ನನ್ನ ಹೆಂಗಸು ಹಲ್ಲು ಕಿರೀತಿದ್ದಾಳೆ. ಜನ ಭೇಷ್ ಅಂತಿದ್ದಾರೆ."

"ಮತ್ತೆ ಇದನ್ನ ಯಾಕೆ ಇಟ್ಟುಕೊಂಡಿರಿ?"

"ಒಲೆಗೆ ಹಾಕೋಕೆ ಕೈ ಬರಲಿಲ್ಲ. ಗೋಡೆಗೆ ಹಾಕೋಕೆ ಮುಖ ಇರಲಿಲ್ಲ. ಮೊನ್ನೆ ಸುಧೀಂದ್ರ ಗೆದ್ದಲು ಅಂದನಲ್ಲ, ಒಂದು ಗುಟುಕು ಕಾಫಿ ಕುಡಿಯೋವಷ್ಟು ಹೊತ್ತು ನನಗೂ ಸಂತೋಷವಾಯ್ತು."

ದಾಕ್ಷಾಯಿಣಿಗೆ ಆಸೆ ಚಿಗುರಿತು. "ಹಾಗಾದರೆ ಕಳಿಸೋದು ಬೇಡ ಬಿಡಿ."

"ನಿನ್ನದು ತಾ."

ಅವಳು ತನ್ನ ಚಿತ್ರ ತಂದು ಪಕ್ಕದಲ್ಲಿಟ್ಟಳು. ಕೆಂಪು ಆಕಾಶ, ಚಿನ್ನದ ಅಂಚು. ಬೆಳಗಿನ ಬಿಸಿಲಿಗೆ ಕಣ್ಣು ಚುಚ್ಚುವಂತಿತ್ತು.

"ಈ ಹೆಂಗಸು ಹೊಳೆ ನೋಡ್ತಿಲ್ಲ," ಎಂದರು ಗುರುಗಳು. "ನನ್ನ ಪೋಸ್ಟರನ್ನ ಓರೆಗಣ್ಣಲ್ಲಿ ನೋಡ್ತಿದ್ದಾಳೆ."

ಅವಳು ಚಿನ್ನದ ಅಂಚನ್ನು ಅಂಗೈಯಿಂದ ಮುಚ್ಚಿದಳು.

"ನಾನು ಸಿನಿಮಾ ನೋಡದೆ ಬರೆದೆ. ನೀನು ಮೂರು ಸಲ ನೋಡಿ, ಅದನ್ನ ಪಕ್ಕಕ್ಕಿಟ್ಟು ಬರೆದೆ. ಯಾರ ತಪ್ಪು ದೊಡ್ಡದು ಅಂತ ಆಮೇಲೆ ಲೆಕ್ಕ ಹಾಕೋಣ. ಮೊದಲು ಆ ಸುಧೀಂದ್ರನಿಗೆ ಫೋನು ಮಾಡು."

"ಕೆಲಸ ಕಿತ್ಕೋತಾರೆ ಗುರುಗಳೇ."

"ಕಿತ್ಕೋಬಹುದು."

"ಎಂಟು ವರ್ಷ ಕಾದಿದ್ದೀನಿ."

"ನಾನೂ ನೋಡಿದ್ದೀನಿ."

"ನೀವೇ ಒಂದು ಮಾತು ಹೇಳಿಬಿಡಿ. ಹುಡುಕಿದಾಗ ಸಿಕ್ಕಿತು ಅಂತ."

"ಗೆದ್ದಲು ಸಾಕಿದೋಳು ನೀನು," ಎಂದು ಗುರುಗಳು ಎದ್ದು ಕೈ ತೊಳೆಯಲು ಹೋದರು.

ಅವಳು ಫೋನು ಮಾಡಿದಳು. ಇದ್ದದ್ದನ್ನು ಇದ್ದಂತೆ ಹೇಳಿದಳು.

"ಪೂರ್ತಿ ತಿಂದಿತ್ತು ಅಂದ್ಯಲ್ಲಮ್ಮ," ಎಂದ ಸುಧೀಂದ್ರ. "ಈಗ ವಾಂತಿ ಮಾಡ್ತಾ?"

"ತಪ್ಪಾಯ್ತು ಸರ್."

"ಎರಡನ್ನೂ ನಾಳೆ ಬೆಳಗಿನ ಬಸ್ಸಿಗೆ ಹಾಕು. ನಿನ್ನದು ಹಾಕೋದೋ ಬಿಡೋದೋ ಮೇಲಿನವರು ನೋಡ್ತಾರೆ. ನಾನು ನಿನ್ನ ಪರ ಒಂದು ಮಾತೂ ಆಡಲ್ಲ."

ಇದ್ದದ್ದು ಒಂದೇ ಹಗಲು. ಅವಳು ಹೊಸ ಹಾಳೆ ಹಾಸಿದಳು. ಕೆಂಪಿಲ್ಲ, ಚಿನ್ನವಿಲ್ಲ. ಸಿನಿಮಾದಲ್ಲಿ ಆ ಹೆಂಗಸು ಮೊದಲ ಸಲ ದೋಣಿ ಬಿಚ್ಚುವ ಗಳಿಗೆ: ಹಗ್ಗ ಕೈಯಲ್ಲಿದೆ, ಕಣ್ಣು ನೀರಿನಲ್ಲಿದೆ, ಹೋಗಲೋ ಬೇಡವೋ ಎಂದು ಒಂದು ಕಾಲು ಇನ್ನೂ ದಡದಲ್ಲಿದೆ. ಹೊತ್ತಿಳಿಯುವುದರೊಳಗೆ ಬರೆದು ಮುಗಿಸಿದಳು. ಹಿನ್ನೆಲೆ ತುಂಬಲು ಪುರುಸೊತ್ತಾಗಲಿಲ್ಲ, ಹಾಗೇ ಬಿಟ್ಟಳು. ಗುರುಗಳು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ. ಒಂದು ಗೆರೆಯನ್ನೂ ತಿದ್ದಲಿಲ್ಲ.

ಎರಡು ಹಾಳೆಗಳನ್ನೂ ಒಂದೇ ಕೊಳವೆಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಬಂದಳು.

ಆಮೇಲೆ ಸುದ್ದಿಯಿಲ್ಲ. ಒಂದು ವಾರವಾಯಿತು, ಮೂರು ವಾರವಾಯಿತು. ಅವಳು ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಬಣ್ಣ ಅರೆದಳು. ಅದು ಸತ್ತಿದೆಯೇನೋ ಎಂದು ಎತ್ತಿ ಎತ್ತಿ ನೋಡಿದಳು.

"ಅದನ್ನೂ ಸ್ವಲ್ಪ ಅರೆದು ಹಾಕು," ಎಂದರು ಗುರುಗಳು. "ಯಾವ ಬಣ್ಣ ಬರುತ್ತೋ ನೋಡೋಣ."

ಆರನೆಯ ವಾರ ಅಂಚೆಯವನು ಒಂದು ಪಾರ್ಸೆಲ್ ತಂದ. ಪತ್ರವಿಲ್ಲ. ಒಳಗೆ ಒಂದೇ ಪೆಟ್ಟಿಗೆ ಇದ್ದಂತಿತ್ತು. ಅವಳಿಗೆ ಬಿಚ್ಚುವ ಧೈರ್ಯವಾಗಲಿಲ್ಲ. ಮುಖ ಆ ಕಡೆ ಮಾಡಿ ಕೂತಳು. ಗುರುಗಳು ಉಗುರಿನಿಂದ ಪ್ಲಾಸ್ಟಿಕ್ ಹರಿದರು.

"ನೋಡು."

ಅವಳು ಓರೆಯಾಗಿ ನೋಡಿದಳು. ಹೊರಮಗ್ಗುಲಿಗೆ ಹಗ್ಗ ಹಿಡಿದ ಹೆಂಗಸು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅವಳ ಹೆಸರು.

ಎರಡು ಉಸಿರಿನಷ್ಟು ಹೊತ್ತು ಅವಳಿಗೆ ಸಂತೋಷವಾಯಿತು. ಮೂರನೆಯ ಉಸಿರಿಗೆ ಹಳೆಯ ಹುಳ ಮತ್ತೆ ಮಿಸುಕಾಡಿತು.

"ಗುರುಗಳೇ, ಇಷ್ಟು ಹೊತ್ತಿಗೆ ಎಲ್ಲರ ಮನೆಗೂ ಹೋಗಿರುತ್ತಲ್ಲ. ಎಲ್ಲರೂ ತಿರುಗಿಸಿಬಿಟ್ಟಿದ್ದರೆ?"

"ತಿರುಗಿಸಿರಬಹುದು."

"ಒಬ್ಬರೂ ನನ್ನದನ್ನ ಹೊರಗಿಟ್ಟಿಲ್ಲದಿದ್ದರೆ?"

"ಇಟ್ಟಿಲ್ಲದಿರಬಹುದು."

ಅವಳಿಗೆ ತಡೆಯಲಾಗಲಿಲ್ಲ. "ನೀವು? ನೀವು ಯಾವುದನ್ನ ಹೊರಗೆ ಹಾಕ್ತೀರಿ?"

ಗುರುಗಳು ಪೆಟ್ಟಿಗೆಯಿಂದ ಹೊದಿಕೆಯನ್ನು ಎಳೆದು ತೆಗೆದರು. ಚಾಪೆಯ ಮೇಲೆ ಇಟ್ಟರು. ಹೊಳೆಯ ಕಡೆಯ ಗಾಳಿಗೆ ಹೊದಿಕೆ ಮಗುಚಿತು. ನಗುವ ಹೆಂಗಸು ಮೇಲೆ ಬಂದಳು. ಗಾಳಿ ಮತ್ತೆ ಬೀಸಿತು. ಹಗ್ಗದ ಹೆಂಗಸು ಮೇಲೆ ಬಂದಳು. ದಾಕ್ಷಾಯಿಣಿ ಅದು ಹಾಗೆಯೇ ನಿಲ್ಲಲೆಂದು ಅದರ ಮೇಲೆ ಅಂಗೈ ಒತ್ತಿಡಲು ಬಗ್ಗಿದಳು.

ಗುರುಗಳು ಆ ಅಂಗೈ ಹಿಡಿದು, ಅದರಲ್ಲಿ ಡಿಸ್ಕನ್ನು ಇಟ್ಟರು.

"ಅದನ್ನ ಬಿಡು, ಇದನ್ನ ಹಾಕು ದಾಕ್ಷಿ. ಆ ಹೆಂಗಸಿನ ಮುಖ ನಾನಿನ್ನೂ ನೆಟ್ಟಗೆ ನೋಡಿಲ್ಲ."