ಬಿಸಿಲಿಗೆ ಪಾಪ ಅಂದ ರಾಯ

ಒಂದೂರಾಗೆ ಒಬ್ಬ ರಾಯ ಇದ್ನಂತೆ. ಯಾವೂರು, ಯಾವ ಕಾಲ ಅಂತ ನನ್ನ ಕೇಳಬ್ಯಾಡ್ರಿ, ನನಗೆ ಹೇಳಿದ ನಮ್ಮಜ್ಜಿನೂ ಅದನ್ನ ಕೇಳಿರಲಿಲ್ಲ. ರಾಯನ ಹೆಸರು ಹೂವರಾಯ. ಹೆಸರಿಗೆ ತಕ್ಕ ಮೈ. ಬೇಸಿಗೆ ಬಂದ್ರೆ "ಅಯ್ಯಯ್ಯೋ ಬೆಂದೆ, ಮಳೆ ಬರಲಿ" ಅನ್ನೋನಂತೆ. ಮಳೆ ಬಂದ್ರೆ "ಥೂ, ಎಲ್ಲಿ ನೋಡಿದ್ರೂ ರೊಚ್ಚೆ, ಚಳಿಗಾಲ ಬರಲಿ" ಅನ್ನೋನಂತೆ. ಚಳಿಗಾಲ ಬಂದ್ರೆ ಮೂಗು ಒರೆಸ್ಕೊಂಡು "ಬಿಸಿಲು ಎಲ್ಲೋ ಬಿಸಿಲು" ಅನ್ನೋನಂತೆ. ವರ್ಷದಾಗೆ ಮೂರು ಕಾಲ, ಮೂರಕ್ಕೂ ಗೊಣಗಾಟ.

ಕೊನೆಗೆ ಮಂತ್ರಿನ ಕರೆದು ಹೇಳಿದ್ನಂತೆ: "ನನಗೆ ಒಂದು ಜಾಗ ಹುಡುಕು. ಅಲ್ಲಿ ಬಿಸಿಲು ಬೆಳದಿಂಗಳ ಹಾಗಿರಬೇಕು. ಮಳೆ ಪನ್ನೀರು ಚಿಮುಕಿಸಿದ ಹಾಗಿರಬೇಕು. ಚಳಿ ಬೀಸಣಿಗೆ ಗಾಳಿಯ ಹಾಗಿರಬೇಕು."

ಮಂತ್ರಿ ಏಳು ತಿಂಗಳು ಅಲೆದು ಅಲೆದು ಒಂದು ಗುಡ್ಡ ಹುಡುಕಿದ. ಮಂಜುಗುಡ್ಡ. ಮಳೆ ಮಾತ್ರ ಅಲ್ಲಿ ಧೋ ಅಂತ ಸುರಿಯೋದು, ಆದ್ರೂ ಬಿಸಿಲು ನಿಜಕ್ಕೂ ಬೆಳದಿಂಗಳೇ. ರಾಯ ಅಲ್ಲೇ ಅರಮನೆ ಕಟ್ಟಿಸ್ಕೊಂಡ, ಸಂತೋಷವಾಗಿದ್ದ.

ಕೆಟ್ಟೋನಲ್ಲ ಕಣ್ರಪ್ಪ ಆ ರಾಯ. ಮನಸ್ಸು ಬೆಣ್ಣೆ. ಅದೇ ಬಂತು ನೋಡ್ರಿ ತೊಂದರೆ.

ಒಂದ್ಸಲ ಸೀಮೆ ನೋಡಾಕೆ ಅಂತ ಬಯಲಿಗೆ ಇಳಿದ. ಇಳಿದಿದ್ದು ಯಾವಾಗ? ನಡುಬೇಸಿಗೆಯಾಗೆ! ಕಾದಗಲ್ಲಹಟ್ಟಿ ಅಂತ ಒಂದು ಕುರುಬರ ಹಟ್ಟಿ. ಹಟ್ಟಿ ಮುಂದೆ ಆನೆ ಮಲಗಿದಂಗೆ ಒಂದು ಕರಿ ಬಂಡೆ. ಆ ಬಂಡೆ ಮ್ಯಾಲೆ ಮಟಮಟ ಮಧ್ಯಾಹ್ನ ಒಬ್ಬ ಹೆಂಗಸು ಕುಂತಿದ್ಲಂತೆ. ಅವಳೇ ಮಾಳವ್ವ. ಕುರಿ ಸಾಕೋಳು, ಕಂಬಳಿ ನೇಯೋಳು. ನೇಯ್ದ ಕಂಬಳಿನ ಬಂಡೆ ಮ್ಯಾಲೆ ಹಾಸಿ, ಮಳೆನೀರು ಇಳಿಯದಂಗೆ ಹುಣಸೆಬೀಜದ ಗಂಜಿ ಬಳಿದು, ಒಣಗಾಕೆ ಬಿಟ್ಟು ಪಕ್ಕದಾಗೆ ಕಾಯ್ತಾ ಇದ್ಲು. ಯಾಕೆ ಕಾಯಬೇಕು ಅಂದ್ರೆ, ಗಂಜಿ ವಾಸನೆಗೆ ಆಡು ಬಂದು ನೆಕ್ಕಿಬಿಡ್ತಾವೆ. ಅದಕ್ಕೇ ಆ ಹಟ್ಟಿಯಾಗೆ ಒಂದು ಕಟ್ಟಳೆ: ಯಾರ ಕಂಬಳಿನೋ ಅವರೇ ಕಾಯಬೇಕು. ಗೌಡನೇ ಆಗಲಿ, ಪೂಜಾರಿನೇ ಆಗಲಿ, ಕಂಬಳಿ ಬೇಕು ಅಂದ್ರೆ ಬಂಡೆ ಮ್ಯಾಲೆ ಕುಂಡಿ ಸುಡಲೇಬೇಕು.

ರಾಯ ಪಲ್ಲಕ್ಕಿಯಿಂದ ತಲೆ ಹೊರಗೆ ಹಾಕಿದ. ಬಿಸಿಲು ರಪ್ ಅಂತ ಮುಖಕ್ಕೆ ಬಡೀತು. ಮಾಳವ್ವನ್ನ ನೋಡಿ ಅವನ ಕಣ್ಣಾಗೆ ನೀರೇ ಬಂತಂತೆ.

"ಪಾಪ!" ಅಂದ. "ಪಾಪ, ಪಾಪ! ನನ್ನ ರಾಜ್ಯದಲ್ಲಿ ಇಂಥ ಕಡೆಯೂ ಜನ ಇದ್ದಾರಾ? ಮಂತ್ರೀ, ಮಳೆಗಾಲ ಮುಗಿಯೋದರೊಳಗೆ ಈ ಹಟ್ಟೀನ ಖಾಲಿ ಮಾಡಿಸು. ಎಲ್ಲರನ್ನೂ ಮಂಜುಗುಡ್ಡದ ಬುಡಕ್ಕೆ ಕರ್ಕೊಂಡು ಬಾ. ತಂಪಾಗಿ ಬದುಕಲಿ."

ಹಟ್ಟಿ ಹಿರೀಕರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ರಾಯನ ಮಾತಿಗೆ ಎದುರು ಆಡೋರು ಯಾರು? ಮಾಳವ್ವ ಎದ್ದು ನಿಂತ್ಲು. ಅವಳು ಹುಟ್ಟಿದ್ದು ಆ ಹಟ್ಟಿಯಾಗೆ, ಅವರವ್ವ ಗಂಜಿ ಬಳಿಯೋದು ಕಲಿಸಿದ್ದು ಆ ಬಂಡೆ ಮ್ಯಾಲೆ. ಅದನ್ನ ಬಿಟ್ಟು ಹೋಗೋದು ಅವಳಿಗೆ ಆಗದ ಮಾತು. ಅದಕ್ಕಿಂತ ಹೆಚ್ಚಾಗಿ ಆ 'ಪಾಪ' ಅನ್ನೋ ಮಾತು ಚುಚ್ಚಿತ್ತು.

"ಬುದ್ಧೀ," ಅಂದ್ಲಂತೆ, "ತಾವು ಬೈದಿದ್ರೆ ಬೈಸ್ಕೋತಿದ್ದೆ. ನಮ್ಮ ಬಿಸಿಲಿಗೆ ಪಾಪ ಅನ್ನಬ್ಯಾಡ್ರಿ."

"ಮತ್ತೇನನ್ನಲಿ ತಾಯಿ? ಇದು ಬಿಸಿಲಲ್ಲ, ಬೆಂಕಿ."

"ಬೆಂಕಿನೇ ಬುದ್ಧಿ. ನಾವು ಅದರಾಗೆ ಅಡಿಗೆ ಮಾಡ್ತೀವಿ, ನೋಡ್ರಿ," ಅಂತ ಕಂಬಳಿ ತೋರಿಸಿದ್ಲು. "ಒಂದು ಪಂಥ ಕಟ್ರಿ. ನಮ್ಮ ಕುರಿ ಉಣ್ಣೆನೇ ಕೊಡ್ತೀನಿ, ಹುಣಸೆಬೀಜನೂ ಕೊಡ್ತೀನಿ. ನಿಮ್ಮ ನೇಕಾರರು ನಿಮ್ಮ ಗುಡ್ಡದಾಗೆ ಒಂದು ಕಂಬಳಿ ಮಾಡಲಿ. ನಾನು ಇಲ್ಲಿ ಒಂದು ಮಾಡ್ತೀನಿ. ಮಳೆಗಾಲದಾಗೆ ಒಂದಾದ ಮ್ಯಾಲೆ ಒಂದು ಹೊದ್ದು ಮಳೆಯಾಗೆ ಏಳೇಳು ಗಳಿಗೆ ಕುಂತ್ಕೊಳ್ರಿ. ನಿಮ್ಮದು ತಡೆದ್ರೆ ಹಟ್ಟಿ ಬಿಟ್ಟು ಬರ್ತೀವಿ. ನಮ್ಮದು ತಡೆದ್ರೆ ನಾವು ಇಲ್ಲೇ."

ರಾಯ ನಕ್ಕು ಒಪ್ಕೊಂಡ. ಆಮೇಲೆ ಬಿಸಿಲು ತಡೀಲಾರದೆ ಪಲ್ಲಕ್ಕಿ ಪರದೆ ಎಳ್ಕೊಂಡು ಓಡೇಬಿಟ್ಟ.

ಹಟ್ಟಿ ಜನ ಮಾಳವ್ವನ್ನ ಸುತ್ಕೊಂಡ್ರು. "ಏನೇ ಮಾಳಿ, ಇಡೀ ಹಟ್ಟಿನೇ ಒಂದು ಕಂಬಳಿಗೆ ಕಟ್ಟಿಬಿಟ್ಯಲ್ಲೇ!" ಅಂದ್ರು. "ಕಂಬಳಿಗಲ್ಲ, ಬಿಸಿಲಿಗೆ ಕಟ್ಟೀನಿ," ಅಂದ್ಲಂತೆ. ಬಾಯಾಗೆ ಹಂಗಂದ್ರೂ ಒಳಗೆ ಪುಕುಪುಕು ಅಂತಾನೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅತ್ತ ಮಂಜುಗುಡ್ಡದಾಗೆ ಹನ್ನೆರಡು ಜನ ನೇಕಾರರು ಕೂತ್ರು. ನೇಯ್ಗೆ ಚೆನ್ನಾಗೇ ಬಂತು, ಅವರ ಕೈಗೆ ಹೆಸರಿಡೋ ಹಂಗಿಲ್ಲ. ಗಂಜಿ ಬಳಿದ್ರು, ಒಣಗಾಕೆ ಹಾಸಿದ್ರು. ಒಂದು ದಿನ ಆಯ್ತು, ಒಣಗಲಿಲ್ಲ. ಮೂರು ದಿನ ಆಯ್ತು, ಒಣಗಲಿಲ್ಲ. ಏಳು ದಿನ ಆಯ್ತು, ಹುಳಿ ವಾಸನೆ ಶುರುವಾಯ್ತು. ಒಲೆ ಮ್ಯಾಲೆ ತೂಗು ಹಾಕಿದ್ರು, ಹೊಗೆ ಹಿಡೀತು. ಅರಮನೆ ಬೆಕ್ಕುಗಳೆಲ್ಲ ಊರು ಬಿಟ್ಟವಂತೆ. ನಗಬ್ಯಾಡ್ರಿ, ಇನ್ನೂ ಐತೆ.

ಇತ್ತ ಮಾಳವ್ವ ಗಂಜಿ ಬಳಿದು, ಬಂಡೆ ಮ್ಯಾಲೆ ಹಾಸಿ, ದಿನಕ್ಕೆ ಏಳು ಸಲ ತಿರುವಿ ಹಾಕಿದ್ಲು. ಏಳು ದಿನ ಹಂಗೇ. ಅಂಗಾಲಿಗೆ ಬೊಬ್ಬೆ ಬಂದ್ವು, ತುಟಿ ಒಡೀತು. ಎಲ್ಲಿಗೆ ಬಂತು ಕೆಲಸ ಅಂತ ನೋಡಾಕೆ ಬಂದ ಮಂತ್ರಿ ಕೊಡೆ ಹಿಡ್ಕೊಂಡು ನಿಂತು, "ನೀನ್ಯಾಕಮ್ಮ ಕೂತಿದ್ದೀಯ, ಇದು ರಾಯರು ಹೊದೆಯೋ ಕಂಬಳಿ, ಅವರದೇ ಅಲ್ಲವಾ?" ಅಂದ.

"ಹೌದು ಬುದ್ಧಿ, ಕಟ್ಟಳೆ ಪ್ರಕಾರ ಅವರೇ ಕೂರಬೇಕು. ಇದೊಂದ್ಸಲ ಅವರ ಬದಲು ನಾನು ಕುಂತೀನಿ ಅಂತ ಹೇಳ್ರಿ," ಅಂದ್ಲಂತೆ.

ಆಷಾಢ ಬಂತು. ಮಾಳವ್ವ ಕಂಬಳಿ ಹೆಗಲಿಗೆ ಹಾಕ್ಕೊಂಡು ಮಂಜುಗುಡ್ಡ ಹತ್ತಿದ್ಲು. ಹೋದೋಳು ಮೂಗು ಮುಚ್ಕೊಂಡ್ಲು. "ಇದೇನು ಊರೋ ಏನೋ! ಉಟ್ಟ ಸೀರೆ ಮೈಮ್ಯಾಲೇ ಬೂಸ್ಟು ಹಿಡೀತಲ್ಲಪ್ಪ!"

ಅರಮನೆ ಅಂಗಳದಾಗೆ ಕಲ್ಲುಮಣೆ ಹಾಕಿದ್ರು. ರಾಯ ಮೊದಲು ಗುಡ್ಡದ ಕಂಬಳಿನ ಕೊಪ್ಪೆ ಮಾಡಿ ತಲೆಮ್ಯಾಲೆ ಹೊದ್ದು ಕೂತ. ಏಳು ಗಳಿಗೆ ಕೂರಬೇಕು. ಅರ್ಧ ಗಳಿಗೆ ಆಗಿತ್ತೋ ಇಲ್ಲವೋ, ಹಸಿ ಗಂಜಿ ಕರಗಿ ರಾಯನ ಹಣೆಮ್ಯಾಲೆ ಇಳೀತು, ಹಣೆಯಿಂದ ಮೂಗಿಗೆ ಬಂತು, ಮೂಗಿಂದ ಮೀಸೆಗೆ ಬಂತು. ಮೀಸೆ ಅಂಟ್ಕೊಂಡು ಬಾಯಿ ಬಿಡಾಕೆ ಆಗಲಿಲ್ಲ. ಸೇವಕರು ನಗು ತಡೀಲಾರದೆ ಕಂಬದ ಹಿಂದೆ ಹೋಗಿ ನಿಂತ್ರಂತೆ.

ಮೈ ಒರೆಸ್ಕೊಂಡು, ಮಾಳವ್ವನ ಕಂಬಳಿ ಹೊದ್ದ. ಒಂದು ಗಳಿಗೆ ಆಯ್ತು, ಮಳೆ ಸುರೀತು, ಹನಿ ಒಳಗೆ ಬರಲಿಲ್ಲ. ಮೂರು ಗಳಿಗೆ ಆಯ್ತು, ಗಾಳಿನೂ ಸೇರ್ಕೊಂಡು ಚಳಿ ಎದ್ದಿತು. ಚಳಿನೂ ಒಳಗೆ ಬರಲಿಲ್ಲ. ಏಳು ಗಳಿಗೆ ಆಯ್ತು, ರಾಯ ಏಳಲೇ ಇಲ್ಲ! ಮಂತ್ರಿ ಗಾಬರಿಯಾಗಿ ಕೊಪ್ಪೆ ಎತ್ತಿ ನೋಡ್ತಾನೆ, ರಾಯ ಗೊರಕೆ ಹೊಡೀತಾ ಅವ್ನೆ. ಒಂದು ಕೂದಲೂ ನೆಂದಿಲ್ಲ.

ಎದ್ದ ರಾಯ ಕಂಬಳಿ ಮೂಸಿ ನೋಡಿದ. "ಇದೇನಿದು ವಾಸನೆ? ಬೆಚ್ಚಗೆ, ಹುರಿದ ಕಾಳಿನ ಹಾಗೆ?"

"ನಮ್ಮ ಬಿಸಿಲಿಂದು ಬುದ್ಧಿ."

ರಾಯ ಸೋಲು ಒಪ್ಕೊಂಡ. ಆದ್ರೂ ರಾಯ ಅಲ್ಲವಾ, ಒಂದು ಕೊಂಕು ತೆಗೆದ. "ಗೆದ್ದೆ ಕಣಮ್ಮ. ಆದರೆ ಒಂದು ಮಾತು ಹೇಳು. ನಿನಗೆ ಇಷ್ಟ ಬಿಸಿಲು. ನೀನು ಮಾಡೋದು ಮಳೆಗೂ ಚಳಿಗೂ ಬೇಕಾದ ಕಂಬಳಿ. ಇದು ಯಾವ ಸೀಮೆ ನ್ಯಾಯ?"

ಮಾಳವ್ವ ಮಳೆ ಕಡೆ ಒಂದ್ಸಲ ನೋಡಿದ್ಲು, ರಾಯನ ಕಡೆ ಒಂದ್ಸಲ ನೋಡಿದ್ಲು.

"ನಮ್ಮ ಬಿಸಿಲು ನಮಗೆ ಸಾಕಾಗಿ ಮಿಕ್ಕೈತೆ ಬುದ್ಧಿ," ಅಂದ್ಲಂತೆ. "ಮಿಕ್ಕಿದ್ದನ್ನ ಕಂಬಳಿಯಾಗೆ ಸುತ್ತಿ ಇಲ್ಲದೋರಿಗೆ ಕಳಿಸ್ತೀವಿ."

ರಾಯ ಆ ಕಂಬಳಿನ ಮತ್ತೆ ಮೈಗೆ ಸುತ್ಕೊಂಡ. ಈ ಸಲ ಚಳಿಗಲ್ಲ.

ಹಟ್ಟಿ ಉಳೀತು. ಮಾಳವ್ವ ಗುಡ್ಡ ಇಳಿದು ಬಂದಾಗ ಹಟ್ಟಿಯೋರು ಡೊಳ್ಳು ಬಾರಿಸ್ಕೊಂಡು ಕರ್ಕೊಂಡು ಹೋದ್ರಂತೆ.

ರಾಯ ಆ ಮಳೆಗಾಲ ಪೂರ್ತಿ, ಚಳಿಗಾಲ ಪೂರ್ತಿ ಕಂಬಳಿ ಇಳಿಸಲೇ ಇಲ್ಲ. ಇಳಿಸದಿದ್ರೆ ಏನಾಗುತ್ತೆ? ಗಂಜಿ ಸಡಿಲ ಆಗುತ್ತೆ. ವರ್ಷಕ್ಕೊಂದ್ಸಲ ಮತ್ತೆ ಬಳಿದು ಒಣಗಿಸಬೇಕು. ಬೇಸಿಗೆ ಬಂತು, ರಾಯ ಮಂತ್ರಿ ಕೈಲಿ ಕಂಬಳಿ ಕಳಿಸಿದ. ಮಾಳವ್ವ ಅದನ್ನ ಹಂಗೇ ಮಡಚಿ ವಾಪಸ್ ಕೊಟ್ಲು. "ಗಂಜಿ ನಾನು ಬಳೀತೀನಿ. ಕಾಯೋದು ಕಂಬಳಿ ಯಾರದೋ ಅವರು. ಕಟ್ಟಳೆ ಕಟ್ಟಳೆನೇ."

ರಾಯ ಬಂದ್ನಂತೆ! ಪಲ್ಲಕ್ಕಿ ಬಿಟ್ಟು, ಕಿರೀಟ ಬಿಟ್ಟು, ತಲೆಗೆ ರುಮಾಲು ಸುತ್ತಿ ಕರಿ ಬಂಡೆ ಮ್ಯಾಲೆ ಕೂತ. ಮೊದಲನೇ ದಿನ ಅಳೋದೊಂದು ಬಾಕಿ. ಎರಡನೇ ದಿನ ಆಡು ಓಡಿಸೋದು ಕಲಿತ. ಮೂರನೇ ದಿನ ಮಾಳವ್ವ ಕೊಟ್ಟ ರಾಗಿ ಅಂಬಲಿ ಮಜ್ಜಿಗೇನ ಗಟಗಟ ಕುಡಿದು, ಪಕ್ಕಕ್ಕಿಟ್ಟ ಈರುಳ್ಳಿ ಕಡಿದು, ಇನ್ನೊಂದು ಚೊಂಬು ಕೇಳಿದ. ಏಳನೇ ದಿನಕ್ಕೆ ಹೂವಿನಂಥ ಮುಖ ಕಪ್ಪಾಗಿ, ನಮ್ಮೋರ ಹಂಗೇ ಕಾಣ್ತಿದ್ದ.

ಆವತ್ತು ಯಾರೋ ದೂರದ ಪ್ರಯಾಣಿಕರು ಗಾಡಿಯಾಗೆ ಬಂದ್ರು. ಬಂಡೆ ಮ್ಯಾಲೆ ಕೂತೋನ್ನ ನೋಡಿ ಗಾಡಿ ನಿಲ್ಲಿಸಿ, "ಪಾಪ, ಯಾರೋ ಎಂಥಾ ಬಿಸಿಲಾಗೆ ಕುಂತವ್ನೆ!" ಅಂದ್ರು.

ರಾಯ ದಡಕ್ಕನೆ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ಕೂಗಿದ್ನಂತೆ: "ಏಯ್! ಪಾಪ ಅನ್ನಬ್ಯಾಡ್ರಿ! ಇದು ನಮ್ಮ ಬಿಸಿಲು!"

ಮಗ್ಗದ ಮುಂದೆ ಕೂತಿದ್ದ ಮಾಳವ್ವ ಅದನ್ನ ಕೇಳಿಸ್ಕೊಂಡ್ಲು. ತಲೆ ಎತ್ತಲಿಲ್ಲ. ಆದ್ರೆ ಆವತ್ತಿಡೀ ನಗ್ತಾನೇ ನೇಯ್ದ್ಲಂತೆ.

ಅವರು ಅಲ್ಲಿ ಬಿಸಿಲು ಕಾಯ್ಕೊಂಡು ಹೆಮ್ಮೆಯಾಗವ್ರೆ, ನಾವಿಲ್ಲಿ ನೆರಳಾಗೆ ಕುಂತು ಅವರ ಕಥೆ ಮುಗಿಸಿದ್ವಿ.