ಗಂಜಿಗಂಡಿ

ಅಳುವೆಕೊಪ್ಪದ ಮೀನುಪೇಟೆ ದಾಟಿ ತೆಂಕಕ್ಕೆ ಹೊರಟ ರಸ್ತೆ ಒಂದೆಡೆ ಗುಡ್ಡವನ್ನೂ ಇನ್ನೊಂದೆಡೆ ಕಡಲನ್ನೂ ಒತ್ತಿಕೊಂಡು ಸಾಗುತ್ತದೆ. ಅಲ್ಲೊಂದು ಕಡೆ ಮನೆಯಷ್ಟು ದೊಡ್ಡ ಬಂಡೆ ದಾರಿಗೇ ಅಡ್ಡ ಕುಳಿತಿದೆ; ರಸ್ತೆ ಮಾಡಿದವರೂ ಅದರ ತಂಟೆಗೆ ಹೋಗದೆ ಬಳಸಿಕೊಂಡು ಹೋಗಿದ್ದಾರೆ. ಆ ತಿರುವಿಗೆ ಗಂಜಿಗಂಡಿ ಎಂದು ಹೆಸರು. ಕಡಲಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುವವರಿಗೆ ಈ ಹೆಸರು ಕೇಳಿದರೆ ನಗು ಬರುತ್ತದೆ. ನಗಲಿ ಪಾಪ, ಅವರಿಗೆ ಹೇಳಿದವರಾದರೂ ಯಾರು?

ಹಿಂದೆ ಒಮ್ಮೆ, ಎತ್ತುಗಳು ಉಪ್ಪು ಹೊತ್ತು ಈ ದಾರಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಒಂದು ಮುಂಜಾನೆ ನೆಲ ನಡುಗಿ ಗುಡ್ಡದ ಮೋರೆಯೇ ಕಳಚಿ ಬಿತ್ತು ಎನ್ನುತ್ತಾರೆ. ಎತ್ತುಗಳು ಕಡಲ ಪಾಲಾದವು. ಅವುಗಳನ್ನು ಹೊಡೆದುಕೊಂಡು ಬರುತ್ತಿದ್ದ ಬೀರ ಬಂಡೆಯಡಿಯ ಪೊಳ್ಳಿನಲ್ಲಿ ಸಿಕ್ಕಿಬಿದ್ದ. ಜೀವವಿತ್ತು, ಮಾತೂ ಇತ್ತು. ಆದರೆ ಒಳಕ್ಕೂ ಹೊರಕ್ಕೂ ಇದ್ದದ್ದು ಅಂಗೈಯಗಲದ ಒಂದು ಸೀಳು ಮಾತ್ರ. ಕಲ್ಲು ಒಡೆಯುವ ಸಿದ್ದೋಜ ಬಂಡೆಯನ್ನು ಸುತ್ತಿ ನೋಡಿದ. ಬೆಂಕಿ ಹಾಕಿ ನೀರೆರೆದರೆ ಅರ್ಧ ದಿನದಲ್ಲಿ ಬಂಡೆ ಸೀಳುತ್ತದೆ, ಆದರೆ ಒಳಗಿದ್ದವನು ಬೆಂದುಹೋಗುತ್ತಾನೆ. ಉಳಿಯಿಂದಲೇ ಕಡಿಯಬೇಕು, ಎಂಟು ದಿನವಾದರೂ ಬೇಕು. "ಎಂಟ್ ದಿನ ಅವನ ಜೀವ ಹಿಡ್ಕಂಡಿರು ತಂಗಿ" ಎಂದ, ಬೀರನ ಹೆಂಡತಿ ಮಾಸ್ತಿಗೆ.

ಮಾಸ್ತಿ ಬಿದಿರ ಕೊಳವೆಯನ್ನು ಸೀಳಿಗಿಳಿಸಿ ಗಂಜಿತಿಳಿ ಎರೆಯತೊಡಗಿದಳು. ದಿನಕ್ಕೆ ಎರಡು ಮೂರು ಸಲ ನೆಲ ಅದುರುತ್ತಿತ್ತು, ಮೇಲಿಂದ ಕಲ್ಲು ಉದುರುತ್ತಿತ್ತು. ಕೈಜೋಡಿಸಿದ್ದ ಊರವರು ಒಬ್ಬೊಬ್ಬರಾಗಿ ಕಾಲ್ತೆಗೆದರು. ಅವರನ್ನು ದೂರುವಂತೆಯೂ ಇಲ್ಲ, ಅವರಿಗೂ ಹೆಂಡಿರು ಮಕ್ಕಳಿದ್ದರು. ಉಳಿದವರು ಇಬ್ಬರೇ. ಎರಡು ಗುಟುಕು ಕುಡಿಯುವಷ್ಟರಲ್ಲೇ ಬೀರ ಒಳಗಿನಿಂದ "ಹೊಟ್ಟೆ ತುಂಬ್ತು, ನೀ ಮನೆಗ್ ಹೋಗೇ" ಎನ್ನುತ್ತಿದ್ದ. ಕೂತಲ್ಲೇ ಮೂರು ಬಟ್ಟಲು ಗಂಜಿ ಉಣ್ಣುತ್ತಿದ್ದ ಗಂಡಸಿನ ಬಾಯಲ್ಲಿ ಈ ಮಾತು ಕೇಳಿ ಅವಳಿಗೆ ಸಂಕಟವೂ ಸಿಟ್ಟೂ ಒಟ್ಟಿಗೇ ಬರುತ್ತಿದ್ದವು. ಅವಳು ಜಗ್ಗಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅವನೇ ಕರೆದ. "ಇವತ್ತು ಭಾರೀ ಹಸಿವಾಗ್ತದೆ ಮಾಸ್ತಿ. ತಣ್ಣಗಿನ ತಿಳಿ ಬ್ಯಾಡ, ಬಿಸಿ ಗಂಜಿ ಮಾಡ್ಕಂಡು ಬಾ. ಓಜರನ್ನೂ ಕರ್ಕಂಡು ಹೋಗು, ಅವರೂ ಉಂಡಿಲ್ಲ."

ಹಸಿವಾಗಿದೆಯಲ್ಲ, ಇನ್ನು ಬದುಕುತ್ತಾನೆ ಎಂದು ಅವಳ ಜೀವ ಕುಣಿಯಿತು. ಓಜನ ಕೈಯ ಉಳಿ ಕಸಿದಿಟ್ಟು ಅವನನ್ನು ಎಳೆದುಕೊಂಡೇ ಓಡಿದಳು. ಒಲೆಯ ಮೇಲೆ ಅಕ್ಕಿ ಕುದಿಯುತ್ತಿದ್ದಾಗ ನೆಲ ಮತ್ತೆ ನಡುಗಿತು. ಗಡಿಗೆ ಹೊತ್ತು ಬಂದು ನೋಡಿದರೆ ಬಂಡೆ ಮೊಳದಷ್ಟು ಕುಸಿದು ಕೂತಿತ್ತು, ಕೊಳವೆ ಚೂರಾಗಿತ್ತು. ಅವಳು ಉಳಿದಷ್ಟು ಸೀಳಿಗೇ ಗಂಜಿ ಎರೆದಳು. ಗಂಜಿ ಒಳಗಿಳಿಯದೆ ತುಂಬಿ ಹೊರಗೆ ಚೆಲ್ಲಿತು. ಆದರೂ ಗಡಿಗೆ ಬರಿದಾಗುವವರೆಗೆ ಎರೆದಳು.

ಬಂಡೆ ಜರುಗುವ ಸದ್ದು ಬೀರನಿಗೆ ಮೊದಲೇ ಕೇಳಿಸಿತ್ತು, ಹಸಿವಿನ ನೆಪ ಹೇಳಿ ಇಬ್ಬರನ್ನೂ ಉಳಿಸಿದ ಎಂದು ಊರು ಅವನನ್ನು ಕೊಂಡಾಡಿತು. ಮಾಸ್ತಿ ಮಾತ್ರ ಸಾಯುವವರೆಗೂ ಒಪ್ಪಲಿಲ್ಲ. "ಸುಳ್ಳು ಹೇಳೂದಾದ್ರೆ ಹೊಟ್ಟೆ ತುಂಬ್ತು ಅಂತಿದ್ರು ಅವರು" ಎನ್ನುತ್ತಿದ್ದಳಂತೆ. "ಅವತ್ತೊಂದಿನ ಬಾಯಿಬಿಟ್ಟು ಕೇಳಿದ್ರು. ನಾ ತಡ ಮಾಡ್ದೆ."

ಇಂದಿಗೂ ಮಧ್ಯಾಹ್ನ ಆ ದಾರಿಯಲ್ಲಿ ಹೋದವರಿಗೆ ಬಂಡೆಯ ಸೀಳಿನಲ್ಲಿ ಯಾರೋ ಎರೆದುಹೋದ ಗಂಜಿ ಕಾಣಸಿಗುತ್ತದೆ. ಬಿಸಿಯಾಗಿಯೇ ಎರೆಯಬೇಕು ಎಂಬುದು ಅಲ್ಲಿಯ ಕಟ್ಟಳೆ.